ತೊಟ್ಟಿಯನ್ನು ತೊರೆದ ಬೆಕ್ಕು

ಮಾರ್ಜಾರವೆಂಬ ಸಂಸ್ಕೃತ ಶಬ್ದವು ‘ಮೃಜ್’ ಎಂಬ ಧಾತುವಿನಿಂದ ಹುಟ್ಟಿತೆಂದು ವೈಯಾಕರಣರು ಹೇಳುತ್ತಾರೆ. ತೊಳೆ, ಒರಸು, ಶುದ್ಧಿಮಾಡು ಎಂಬುದು ಅದರ ಅರ್ಥ. ನಾವು ಆಡುವ ಮಾರ್ಜನವೆಂಬ ಮಾತೂ, ಪೊರಕೆಗೆ ಹೆಸರಾದ ಸಮ್ಮಾರ್ಜನಿಯೆಂಬ ಮಾತೂ ಅದೇ ಧಾತುವಿನ ಮಕ್ಕಳು. ಸದಾ ಮೈಯನ್ನು ನೆಕ್ಕಿ ಒರಸಿ ಶುಚಿಮಾಡಿಕೊಳ್ಳುವ ಪ್ರಾಣಿಯಾದುದರಿಂದ ಬೆಕ್ಕಿಗೆ ಆ ಹೆಸರು ಒಪ್ಪುತ್ತದೆ. ಹೀಗೆ ಹೆಸರಿನಲ್ಲಿಯೇ ಶೌಚವನ್ನು ಹೊತ್ತ ಪ್ರಾಣಿಯು ಒಂದು ದಿನ ಇದ್ದಕ್ಕಿದ್ದಂತೆ ಗೃಹಸ್ಥನ ಹಾಸಿಗೆಯ ಮೇಲೆ ಮೂತ್ರಮಾಡಿದರೆ ಮನೆಯವರು ಕೋಪಗೊಳ್ಳುವುದು ಸಹಜವೇ. ಆದರೆ ಕೋಪಕ್ಕಿಂತ ಮೊದಲು ಆಶ್ಚರ್ಯವು ಹುಟ್ಟಬೇಕು. ಶುಚಿಯಾದುದು ಅಶುಚಿಯಾಗಲು ಕಾರಣವೇನೆಂದು ವಿಚಾರಿಸಬೇಕು. ಈ ತಿಂಗಳು ಆ ವಿಚಾರವನ್ನೇ ವಾಚಕರ ಮುಂದಿಡುತ್ತೇನೆ.

ಇದು ಪತ್ರಿಕೆಯಲ್ಲಿ ಬರೆಯತಕ್ಕಷ್ಟು ದೊಡ್ಡ ವಿಷಯವೇ ಎಂದು ಕೆಲವರು ನಗಬಹುದು. ಒಂದೆರಡು ತಲೆಮಾರುಗಳ ಹಿಂದೆ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಯಾರಿಗೂ ಈ ಚಿಂತೆ ಇರಲಿಲ್ಲ. ಹೆಂಚಿನ ಮನೆ, ಮಣ್ಣಿನ ಅಂಗಳ, ಹಿಂದೆ ಬಾಳೆ ಬಸಳೆಗಳ ಹಿತ್ತಲು. ಮನೆಯಲ್ಲಿ ಭತ್ತ, ಭತ್ತಕ್ಕೆ ಇಲಿ, ಇಲಿಗೆ ಬೆಕ್ಕು. ಬೆಳಗಿನ ಜಾವ ಬೆಕ್ಕು ಹಿತ್ತಲ ಕಡೆಯಿಂದ ಹೊರಬಿದ್ದು, ಮೆದುಮಣ್ಣನ್ನು ಕೆದರಿ, ಕೆಲಸ ತೀರಿಸಿ, ಮಣ್ಣು ಮುಚ್ಚಿ ಬರುತ್ತಿತ್ತು. ಅದಕ್ಕೆ ಯಾರೂ ಕಲಿಸಲಿಲ್ಲ. ಯಾರೂ ನೋಡಲೂ ಇಲ್ಲ. ಈಗ ಎರಡೂ ಊರುಗಳ ಪೇಟೆಯಲ್ಲಿ ಹೆಂಚು ಇಳಿದು ತಾರಸಿ ಏರುತ್ತಿದೆ. ಅಂಗಳಕ್ಕೆ ಸಿಮೆಂಟು ಬಂದಿತು, ಹಿತ್ತಲಲ್ಲಿ ಇನ್ನೊಂದು ಕೋಣೆ ಎದ್ದಿತು, ಬೀದಿಯಲ್ಲಿ ನಾಯಿಗಳೂ ವಾಹನಗಳೂ ಹೆಚ್ಚಿದುವು. ಮಣ್ಣು ಹೋಯಿತು, ಬೆಕ್ಕು ಉಳಿಯಿತು. ಆದಕಾರಣ, ಪಟ್ಟಣದವರು ‘ಲಿಟರ್ ಬಾಕ್ಸ್’ ಎಂದು ಕರೆಯುವ ಮರಳಿನ ತೊಟ್ಟಿಯು ನಮ್ಮ ಮನೆಗಳ ಮೂಲೆಯನ್ನೂ ಸೇರಿತು.

ತೊಟ್ಟಿಯನ್ನು ಬಳಸುವವರೆಗೆ ಬೆಕ್ಕು ಮನೆಯ ಮಗು. ಬಿಟ್ಟೊಡನೆ ಅದು ಅಪರಾಧಿ. ಮೊದಲು ಬೈಗುಳ, ಆಮೇಲೆ ಕೋಲು, ಕೊನೆಗೆ ಗೋಣಿಚೀಲ. ಚೀಲದಲ್ಲಿ ಕಟ್ಟಿ ಹೊಳೆಯಾಚೆಗೆ ಬಿಟ್ಟುಬರುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮನೆಯೊಳಗೇ ಬೆಳೆದು, ತಟ್ಟೆಯ ಅನ್ನವನ್ನೇ ನಂಬಿದ ಪ್ರಾಣಿಯನ್ನು ಅಪರಿಚಿತ ಜಾಗದಲ್ಲಿ ಬಿಡುವುದೆಂದರೆ ಹಸಿವಿಗೂ ನಾಯಿಗಳಿಗೂ ಒಪ್ಪಿಸಿದಂತೆಯೇ ಸರಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದು ೧೯೬೦ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಕಾಯಿದೆಯ ಮಾತು ಹಾಗಿರಲಿ. ತೊಟ್ಟಿಯನ್ನು ಬಿಟ್ಟ ಬೆಕ್ಕು ಅನೇಕ ವೇಳೆ ರೋಗಿಯಾಗಿರುತ್ತದೆ. ರೋಗಿಯನ್ನು ಚೀಲದಲ್ಲಿ ಕಟ್ಟುವುದು ಯಾವ ಧರ್ಮ?

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ಬೆಕ್ಕು ದ್ವೇಷ ಸಾಧಿಸುವ ಪ್ರಾಣಿ, ಬೈದವರ ಹಾಸಿಗೆಯನ್ನೇ ಹುಡುಕಿ ಹೊಲಸುಮಾಡುತ್ತದೆ’ ಎಂಬುದು ಆ ಪಕ್ಷ. ಹಿತೋಪದೇಶದಲ್ಲಿ ಮುದಿ ಹದ್ದನ್ನು ವಂಚಿಸುವ ದೀರ್ಘಕರ್ಣನೆಂಬ ಬೆಕ್ಕು ಬರುತ್ತದೆ. ಕಪಟ ಸನ್ಯಾಸಿಗೂ ನಾವು ಬೆಕ್ಕಿನ ಉಪಮೆಯನ್ನೇ ಕೊಡುತ್ತೇವೆ. ಕಥೆಯ ಬೆಕ್ಕು ಮನುಷ್ಯನ ಮನಸ್ಸನ್ನು ಹೊತ್ತು ನಡೆಯುತ್ತದೆ. ಮನೆಯ ಬೆಕ್ಕಿಗೆ ಆ ಭಾರವಿಲ್ಲ. ಬೈಗುಳದ ಲೆಕ್ಕವಿಟ್ಟು ಹಾಸಿಗೆಯ ಮೇಲೆ ತೀರಿಸುವ ಸಂಕಲ್ಪ ಅದಕ್ಕಿಲ್ಲ. ಹಾಸಿಗೆ ಮೃದುವಾಗಿದೆ, ಕೆದರಲು ಬರುತ್ತದೆ, ಒದ್ದೆಯನ್ನು ಕೂಡಲೇ ಹೀರುತ್ತದೆ. ಅಂದರೆ ಕೋಣೆಯಲ್ಲಿರುವ ವಸ್ತುಗಳೊಳಗೆ ಮೆದುಮಣ್ಣಿಗೆ ಅದೇ ಹತ್ತಿರ. ತೊಟ್ಟಿಯಲ್ಲಿ ಏನೋ ಕೊರತೆಯಾಯಿತು, ಬೆಕ್ಕು ಎರಡನೆಯದನ್ನು ಆರಿಸಿಕೊಂಡಿತು. ಇದೇ ಸಿದ್ಧಾಂತ.

ಹಾಗಾದರೆ ಹೊಡೆದರೇನಾಗುತ್ತದೆ? ಕೆಲಸ ಮುಗಿದ ಅರ್ಧ ಗಳಿಗೆಯ ಮೇಲೆ ಬಿದ್ದ ಪೆಟ್ಟಿಗೂ ಆ ಕೆಲಸಕ್ಕೂ ಸಂಬಂಧವನ್ನು ಬೆಕ್ಕು ಕಲ್ಪಿಸಿಕೊಳ್ಳಲಾರದು. ಮೂತಿಯನ್ನು ಹೇಸಿಗೆಗೆ ಒರಸಿ ಹೊಡೆದರೂ ಅಷ್ಟೆ. ಮನೆಯವರು ಹತ್ತಿರ ಬಂದರೆ ನೋವಾಗುತ್ತದೆಂಬ ಒಂದೇ ಪಾಠವನ್ನು ಅದು ಕಲಿಯುತ್ತದೆ; ಆಮೇಲೆ ಅಕ್ಕಿಮೂಟೆಯ ಹಿಂದೆಯೂ ಅಟ್ಟದ ಮೇಲೆಯೂ ಗುಟ್ಟಾದ ಜಾಗಗಳನ್ನು ಹುಡುಕುತ್ತದೆ. ನಲವತ್ತು ವರ್ಷ ಪಾಠ ಹೇಳಿದವನಾಗಿ ಈ ಮಾತನ್ನು ಮಕ್ಕಳ ವಿಷಯದಲ್ಲಿಯೂ ಹೇಳಬಲ್ಲೆ.

ಕಳೆದ ಮಳೆಗಾಲದಲ್ಲಿ ಶಿಕಾರಿಪುರದ ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದುದನ್ನು, ಹೆಸರು ಹೇಳದೆ, ಉದಾಹರಣೆಗಾಗಿ ಕೊಡುತ್ತೇನೆ. ಆ ಮನೆಯ ಸೊಸೆ ಸೊರಬದ ಸೀಮೆಯಿಂದ ಬಂದವಳು. ತವರಿನಿಂದ ಬುಟ್ಟಿಯಲ್ಲಿಟ್ಟು ತಂದ ಗಂಡುಮರಿಯು ನಾಲ್ಕು ವರ್ಷ ತಪ್ಪದೆ ತೊಟ್ಟಿಯನ್ನೇ ಬಳಸಿತ್ತು. ಆಷಾಢದಲ್ಲಿ ಅದನ್ನು ಬಿಟ್ಟು, ಸುತ್ತಿಟ್ಟ ಹಾಸಿಗೆಯ ಮೇಲೆ ಮೂತ್ರಮಾಡತೊಡಗಿತು. ಅತ್ತೆಯವರದು ಕಠಿನ ಹೃದಯವಲ್ಲ. ಆದರೆ ಬಿಸಿಲು ಕಾಣದ ಮಳೆಯಲ್ಲಿ ಹತ್ತಿಯ ಹಾಸಿಗೆಯನ್ನು ತೊಳೆದು ಒಣಗಿಸುವ ಕಷ್ಟ ಅವರ ಪಾಲಿಗೆ ಬಂದಿತ್ತು. ಸೊಸೆಗೆ ಐದು ತಿಂಗಳು. ಮಗನು ಚೀಲವನ್ನು ಹುಡುಕಿಟ್ಟಿದ್ದನು.

“ಮೇಷ್ಟ್ರೇ, ನೀವೇ ಹೇಳಿ. ಬಸುರಿ ಹೆಂಗಸಿರುವ ಮನೆಯಲ್ಲಿ ಈ ಹೇಸಿಗೆಯನ್ನು ಸಹಿಸುವುದು ಹೇಗೆ? ಮಗ ಗದರಿದನೆಂದು ಅವನ ಹಾಸಿಗೆಯನ್ನೇ ಹಿಡಿದಿದೆ” ಎಂದರು ಅತ್ತೆ.

“ಒಂದು ಸಲಕ್ಕೆ ಎಷ್ಟು ಮಾಡುತ್ತದಮ್ಮಾ?” ಎಂದು ಸೊಸೆಯನ್ನು ಕೇಳಿದೆನು.

“ನಾಲ್ಕು ಹನಿ, ಅಷ್ಟೇ. ಆದರೆ ಗಳಿಗೆಗೊಮ್ಮೆ ಕೂರುತ್ತದೆ, ಕೂಗುತ್ತದೆ. ನಿನ್ನೆ ಬಿಳಿಯ ಹೊದಿಕೆಯ ಮೇಲೆ ಕೆಂಪು ಛಾಯೆ ಇತ್ತು.”

ಅಷ್ಟು ಸಾಕಾಯಿತು. ಚೀಲವನ್ನು ಬಿಟ್ಟು ಬುಟ್ಟಿಯನ್ನು ತೆಗೆದುಕೊಂಡು ಆ ಕ್ಷಣವೇ ಪಶು ಆಸ್ಪತ್ರೆಗೆ ಹೋಗಬೇಕೆಂದು ಹೇಳಿದೆನು. ಮೂತ್ರಾಶಯದಲ್ಲಿ ಉರಿಯೂತವಿದೆಯೆಂದು ವೈದ್ಯರು ಕಂಡುಹಿಡಿದು ಚಿಕಿತ್ಸೆಮಾಡಿದರು. ಕೆಲವು ದಿನಗಳಲ್ಲಿ ಗುಣವಾಯಿತು. ಆದರೆ ಗುಣವಾದ ಮೇಲೂ ಬೆಕ್ಕು ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಒಂದು ಸಲ ಸುಡುವ ಹಾಲಿಗೆ ಬಾಯಿಟ್ಟ ಆ ಬೆಕ್ಕು ಆಮೇಲೆ ಹಾಲನ್ನು ಕಂಡರೇ ಓಡುತ್ತಿತ್ತಷ್ಟೆ. ಸುಟ್ಟದ್ದು ಬಿಸಿ, ಬೆಕ್ಕು ದೂರಿದ್ದು ಹಾಲನ್ನು. ಹಾಗೆಯೇ ಇಲ್ಲಿ ನೋವು ಕೊಟ್ಟದ್ದು ರೋಗ. ಬೆಕ್ಕು ದೂರಿದ್ದು ತೊಟ್ಟಿಯನ್ನು. ಹೊಸ ತೊಟ್ಟಿಯನ್ನು ಹೊಸ ಮೂಲೆಯಲ್ಲಿ ಹೊಸ ಮರಳಿನೊಡನೆ ಇಟ್ಟಮೇಲೆ ಒಂದು ವಾರದೊಳಗೆ ಹಳೆಯ ಶೌಚವು ಮರಳಿ ಬಂದಿತು.

ಆದುದರಿಂದ ನಿದಾನದ ಕ್ರಮದಲ್ಲಿ ರೋಗವೇ ಮೊದಲು. ಮೂತ್ರಾಶಯದ ಉರಿಯೂತ, ಹರಳು, ಭೇದಿ, ಮಲಬದ್ಧತೆ, ಮುಪ್ಪಿನ ಸಂಧಿವಾತ, ಇವೆಲ್ಲವೂ ತೊಟ್ಟಿಯನ್ನು ಬಿಡಿಸುತ್ತವೆ. ಮೂತ್ರಪಿಂಡದ ರೋಗವೋ ಮಧುಮೇಹವೋ ಉಳ್ಳ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರಮಾಡುತ್ತದೆ. ತೊಟ್ಟಿಯು ಬೇಗನೆ ಒದ್ದೆಯಾಗಿ ಅದಕ್ಕೆ ಅಸಹ್ಯವಾಗುತ್ತದೆ. ಇವುಗಳಲ್ಲಿ ಒಂದು ಸಂದರ್ಭವನ್ನು ಪ್ರತಿಯೊಬ್ಬ ಗೃಹಿಣಿಯೂ ನೆನಪಿಡತಕ್ಕದ್ದು. ಗಂಡುಬೆಕ್ಕಿನ ಮೂತ್ರನಾಳವು ಬಹಳ ಕಿರಿದು. ಸಣ್ಣ ಹರಳುಗಳಿಂದ ಅದು ಕಟ್ಟಿಕೊಳ್ಳಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕುತ್ತಿದ್ದು ಒಂದು ಹನಿಯೂ ಬಾರದಿದ್ದರೆ ಮಲಬದ್ಧತೆಯೆಂದು ತಿಳಿದು ಮರುದಿನದವರೆಗೆ ಕಾಯಕೂಡದು. ಹಾಗೆ ಕಟ್ಟಿಕೊಂಡ ಬೆಕ್ಕು ಎರಡು ಮೂರು ದಿನಗಳಲ್ಲಿ ಸಾಯುವುದುಂಟು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರದ ಪಶು ಆಸ್ಪತ್ರೆಗಳಿವೆ. ಶಿವಮೊಗ್ಗೆಯಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಶಿಕಾರಿಪುರದಿಂದ ಅಲ್ಲಿಗೆ ಸುಮಾರು ೫೦ ಕಿಲೋಮೀಟರು; ಸೊರಬದವರಿಗೆ ಇನ್ನೂ ದೂರ. ಆದಕಾರಣ ಸೊರಬದವರು ಬೇಗನೆ ಹೊರಡಬೇಕು. ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಮಾತ್ರ ಬೆಕ್ಕಿಗೆ ಕೊಡಲೇಬಾರದು. ನಮಗೆ ಹಿತವಾದ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆಯಿಂದಲೇ ಪ್ರಾಣಹೋಗಬಹುದು.

ರೋಗವಿಲ್ಲವೆಂದು ತಿಳಿದಮೇಲೆ ತೊಟ್ಟಿಯ ವಿಚಾರ. ಬೆಕ್ಕು ಇದನ್ನೇಕೆ ಬಯಸುತ್ತದೆಂಬುದನ್ನು ತಿಳಿಯಲು ಅದರ ವಂಶವನ್ನು ಸ್ವಲ್ಪ ನೋಡಬೇಕು. ಮನೆಯ ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯ ಮತ್ತು ಆಫ್ರಿಕಗಳ ಒಣನಾಡಿನ ಕಾಡುಬೆಕ್ಕುಗಳು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತುವೆಂದು ೨೦೦೪ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅವುಗಳ ವಯಸ್ಸು ಸುಮಾರು ೯,೫೦೦ ವರ್ಷ. ಒಣನಾಡಿನ ಪ್ರಾಣಿಯಾದುದರಿಂದ ಬೆಕ್ಕು ನೀರನ್ನು ಕಡಿಮೆ ಕುಡಿಯುತ್ತದೆ. ಅದರ ಮೂತ್ರವು ಗಾಢವಾಗಿಯೂ ನಾತವು ತೀಕ್ಷ್ಣವಾಗಿಯೂ ಇರುತ್ತದೆ. ಮರಳನ್ನು ಕೆದರಿ ಮುಚ್ಚುವುದು ಅದಕ್ಕೆ ಜನ್ಮದಿಂದ ಬಂದ ವಿದ್ಯೆ. ಸಿಮೆಂಟಿನ ನೆಲದಲ್ಲಿ ಆ ವಿದ್ಯೆಗೆ ಅವಕಾಶವಿಲ್ಲ. ತೊಟ್ಟಿಯೊಂದೇ ಅದರ ಪಾಲಿನ ಮರುಭೂಮಿ.

ಆದುದರಿಂದ ತೊಟ್ಟಿ ವಿಶಾಲವಾಗಿರಬೇಕು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದವೆಷ್ಟೋ ಅದರ ಒಂದೂವರೆಯಷ್ಟು ತೊಟ್ಟಿಯ ಉದ್ದವಿದ್ದರೆ ಅದು ಸುಖವಾಗಿ ತಿರುಗಬಲ್ಲದು. ಪಾತ್ರೆಯಂಗಡಿಯಲ್ಲಿ ಸಿಕ್ಕುವ ಅಗಲವಾದ ಪ್ಲಾಸ್ಟಿಕ್ ಬೋಗುಣಿಯೇ ಸಾಕು. ಮರಿಗಳಿಗೂ ಮುದಿ ಬೆಕ್ಕುಗಳಿಗೂ ಒಂದು ಕಡೆಯ ಅಂಚನ್ನು ತಗ್ಗಾಗಿ ಕತ್ತರಿಸಬೇಕು. ಮರಳು ಎರಡು ಅಂಗುಲದಷ್ಟಿರಲಿ. ಒಂದು ಬೆಕ್ಕಿದ್ದರೆ ಎರಡು ತೊಟ್ಟಿ, ಎರಡಿದ್ದರೆ ಮೂರು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಎಂಬುದು ಪಶುವೈದ್ಯರ ಸೂತ್ರ. ಅನೇಕ ಬೆಕ್ಕುಗಳು ಮೂತ್ರಕ್ಕೊಂದು, ಮಲಕ್ಕೊಂದು ಎಡೆಯನ್ನು ಬಯಸುತ್ತವೆ. ದಿನಕ್ಕೆ ಒಂದು ಸಲವಾದರೂ, ಸಾಧ್ಯವಾದರೆ ಎರಡು ಸಲ, ಗಲೀಜನ್ನು ತೆಗೆದುಹಾಕಬೇಕು. ನೀರು ಹಾಕದ ಪಾಯಿಖಾನೆಯನ್ನು ಕಂಡರೆ ನಾವೂ ಹಿಂದಿರುಗುತ್ತೇವಲ್ಲವೇ?

ಸ್ಥಳವೂ ಮುಖ್ಯ. ಉಣ್ಣುವ ತಟ್ಟೆಯ ಬಳಿಯಲ್ಲಿ ತೊಟ್ಟಿಯನ್ನಿಡಬಾರದು. ಶುಚಿಯಾದ ಪ್ರಾಣಿ ಅದನ್ನು ಒಪ್ಪುವುದಿಲ್ಲ. ಗಡಗಡನೆ ಸದ್ದುಮಾಡುವ ಬಟ್ಟೆ ಒಗೆಯುವ ಯಂತ್ರದ ಪಕ್ಕವೂ ಬೇಡ. ನಾಯಿಯೋ ತುಂಟ ಮಗುವೋ ಅಡ್ಡಗಟ್ಟುವ ಇಕ್ಕಟ್ಟಿನ ಸಂದಿಯೂ ಬೇಡ. ಮೌನವಾದ, ತಪ್ಪಿಸಿಕೊಳ್ಳಲು ದಾರಿಯುಳ್ಳ ಮೂಲೆ ಒಳ್ಳೆಯದು. ತೊಟ್ಟಿಯ ಜಾಗವನ್ನು ಬದಲಾಯಿಸಲೇಬೇಕಾದರೆ, ಹಳೆಯದನ್ನು ಅಲ್ಲಿಯೇ ಬಿಟ್ಟು ಹೊಸದನ್ನು ಬೇರೆಡೆ ಇಟ್ಟು, ಬೆಕ್ಕು ಹೊಸದಕ್ಕೆ ಒಗ್ಗಿದ ಮೇಲೆ ಹಳೆಯದನ್ನು ತೆಗೆಯತಕ್ಕದ್ದು.

ಇನ್ನು ಒಳಗೆ ತುಂಬತಕ್ಕ ವಸ್ತು. ಜರಡಿ ಹಿಡಿದ ನುಣುಪಾದ ಹೊಳೆಮರಳು ಬಹುತೇಕ ಬೆಕ್ಕುಗಳಿಗೆ ಮೆಚ್ಚುಗೆ. ‘ಒಲೆಯಲ್ಲಿ ಬೆಕ್ಕು ಮಲಗಿತು’ ಎಂದು ಬಡತನವನ್ನು ಹೇಳುವ ನಮ್ಮ ಮಾತಿನಂತೆ ಬೆಕ್ಕಿಗೂ ಬೂದಿಗೂ ಹಳೆಯ ನಂಟುಂಟು. ಬಚ್ಚಲ ಒಲೆಯ ಬೂದಿಯನ್ನು ಅದು ಶೌಚಕ್ಕೆ ಬಳಸುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಬೂದಿಯು ಕ್ಷಾರ. ಒದ್ದೆಯಾದರೆ ಪಾದಕ್ಕೆ ಮೆತ್ತಿ, ನೆಕ್ಕಿದಾಗ ಬಾಯನ್ನು ಸೇರುತ್ತದೆ. ಅಮೆರಿಕದಲ್ಲಿಯೂ ಹಿಂದೆ ಬೂದಿ ಮರಳುಗಳನ್ನೇ ಬಳಸುತ್ತಿದ್ದರು. ೧೯೪೭ರಲ್ಲಿ ಮಿಷಿಗನ್ ಪ್ರಾಂತದ ಎಡ್ ಲೋ ಎಂಬಾತನು, ಬೂದಿಯಿಂದ ಮನೆಯೆಲ್ಲ ಕಪ್ಪುಹೆಜ್ಜೆಯಾಗುತ್ತಿದೆಯೆಂದು ಬೇಸತ್ತ ನೆರೆಯವಳಿಗೆ ಒದ್ದೆಹೀರುವ ಒಣಜೇಡಿಯ ಹರಳುಗಳನ್ನು ಕೊಟ್ಟನು. ಈಗ ಅಂಗಡಿಗಳಲ್ಲಿ ಚೀಲಗಟ್ಟಲೆ ಮಾರುವ ಸರಕಿನ ಮೂಲವು ಅದೇ. ಕೊಳ್ಳುವವರು ಸುವಾಸನೆಯಿಲ್ಲದುದನ್ನು ಕೊಳ್ಳಲಿ. ನಮ್ಮ ಮೂಗಿಗೆ ಹಿತವಾದ ಪರಿಮಳ ಬೆಕ್ಕಿನ ಮೂಗಿಗೆ ಉಪದ್ರವ. ಬಡಗಿಯ ಮನೆಯ ಮರದ ಹೊಟ್ಟನ್ನು ಬಳಸುವುದಾದರೂ ಧೂಳು ಜರಡಿ ಹಿಡಿದು, ಘಾಟಿಲ್ಲದ ಮರದ್ದನ್ನು ಆರಿಸಬೇಕು. ಸೊರಬ ಸಾಗರಗಳ ಗುಡಿಗಾರರ ಗಂಧದ ಪುಡಿ ದೇವರಿಗಿರಲಿ; ಬೆಕ್ಕು ಅದನ್ನು ಬಯಸುವುದಿಲ್ಲ.

ಸೊರಬದ ಕಡೆಯ ವಾಚಕರಿಗೆ ಒಂದು ವಿಶೇಷ ಎಚ್ಚರಿಕೆ. ಕೊಟ್ಟಿಗೆಗೆ ತಂದ ಕಾಡಿನ ತರಗೆಲೆಯಲ್ಲಿ ಒಂದು ಹಿಡಿಯನ್ನು ಬೆಕ್ಕಿನ ತೊಟ್ಟಿಗೂ ಹಾಕೋಣವೆಂದು ತೋರಬಹುದು. ೧೯೫೭ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನರಿಗೆ ಜ್ವರ ತಗಲಿ, ಆ ಕಾಡಿನ ಹೆಸರೇ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತೆಂಬುದನ್ನು ಮರೆಯಬಾರದು. ಮಂಗನಕಾಯಿಲೆಯನ್ನು ಹರಡುವ ಉಣುಗುಗಳು ಕಾಡಿನ ತರಗೆಲೆಯಲ್ಲಿರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು. ಆದಕಾರಣ ಕಾಡಿನ ಎಲೆಯನ್ನು ಮನೆಯೊಳಕ್ಕೆ ತರಲೇಕೂಡದು.

ಶುದ್ಧಿಮಾಡುವ ಕ್ರಮದಲ್ಲಿಯೂ ವಿವೇಕ ಬೇಕು. ನಾತ ಹೋಗಲೆಂದು ಫಿನೈಲು ಸುರಿಯುವುದು ನಮ್ಮೆಲ್ಲರ ಮನೆಗಳ ರೂಢಿ. ಫಿನೈಲಿನಂತಹ ದ್ರವ್ಯಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಪಾದಕ್ಕೆ ತಗಲಿ ನೆಕ್ಕಿದರೆ ವಿಷವಾಗುತ್ತದೆ. ಮೂಲೆಗಳಲ್ಲಿ ನುಸಿಗುಳಿಗೆ ಇಡುವುದೂ ಅಷ್ಟೇ ಕೆಟ್ಟದ್ದು. ತೊಟ್ಟಿಯನ್ನು ಬಿಸಿನೀರು ಸಾಬೂನುಗಳಿಂದ ತೊಳೆದು ಬಿಸಿಲಿಗೆ ಒಣಗಿಸಿದರೆ ಸಾಕು. ಬಟ್ಟೆ ಹಾಸಿಗೆಗಳ ಮೇಲೆ ಬಿದ್ದುದನ್ನು ಒಡನೆಯೇ ಒತ್ತಿ ಹೀರಿಸಿ, ಸಾಬೂನು ನೀರಿನಿಂದ ತೊಳೆದು, ನಾತವು ಪೂರ್ತಿ ಹೋಗುವಂತೆ ಮಾಡಬೇಕು. ಮೂತ್ರದ ನಾತವನ್ನೇ ಮುರಿಯುವ ಕಿಣ್ವದ ದ್ರಾವಣಗಳು ಈಗ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತವೆ. ನಮಗೆ ತಿಳಿಯದ ನಾತವು ಬೆಕ್ಕಿಗೆ ತಿಳಿಯುತ್ತದೆ. ಹಳೆಯ ನಾತವುಳಿದ ಜಾಗವು ‘ಇಲ್ಲಿಯೇ’ ಎಂದು ಅದನ್ನು ಕರೆಯುತ್ತಿರುತ್ತದೆ.

ಇದಲ್ಲದೆ ಕೆಲವು ಬೆಕ್ಕುಗಳು ನಿಂತುಕೊಂಡೇ, ಬಾಲವೆತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಮೂತ್ರವನ್ನು ಚಿಮ್ಮಿಸುತ್ತವೆ. ಇದು ಶೌಚವಲ್ಲ, ಗಡಿಗುರುತು. ಹೊರಗಿನ ಗಂಡುಬೆಕ್ಕು ಕಿಟಕಿಯಲ್ಲಿ ಕಂಡರೂ ಇದು ಆರಂಭವಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ ಈ ಚಾಳಿ ನಿಲ್ಲುತ್ತದೆ ಅಥವಾ ತಗ್ಗುತ್ತದೆ. ಅದರಿಂದ ಮರಿಗಳನ್ನು ಚೀಲದಲ್ಲಿ ಕಟ್ಟುವ ಪಾಪವೂ ತಪ್ಪುತ್ತದೆ.

ಬಸುರಿಯರಿರುವ ಮನೆಯ ಭಯಕ್ಕೆ ಉತ್ತರ ಹೇಳದಿದ್ದರೆ ಲೇಖನವು ಅಪೂರ್ಣ. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯು ಬೆಕ್ಕಿನ ಮಲದ ಮೂಲಕ ಹರಡುತ್ತದೆಂಬುದು ೧೯೭೦ರ ಸುಮಾರಿಗೆ ಸ್ಥಿರಪಟ್ಟಿತು. ಗರ್ಭಿಣಿಗೆ ಅದು ಮೊದಲ ಸಲ ತಗಲಿದರೆ ಶಿಶುವಿಗೆ ಕೇಡಾಗಬಹುದು. ಭಯವು ನಿರಾಧಾರವಲ್ಲ. ಆದರೆ ಹೊಸದಾಗಿ ಬಿದ್ದ ಮಲದಲ್ಲಿ ಅದು ಸೋಂಕುವ ಸ್ಥಿತಿಯಲ್ಲಿರುವುದಿಲ್ಲ. ಪಕ್ವವಾಗಲು ಒಂದರಿಂದ ಐದು ದಿನ ಬೇಕು. ಪ್ರತಿದಿನವೂ ತೆಗೆದುಹಾಕಿದರೆ ಅಪಾಯ ಬಹುಮಟ್ಟಿಗೆ ಹೋಯಿತು. ಚೆನ್ನಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಹಿತ್ತಲ ಮಣ್ಣು, ಇವುಗಳಿಂದಲೂ ಈ ಸೋಂಕು ಬರುತ್ತದೆ. ಆದಕಾರಣ ಗರ್ಭಿಣಿಯು ತೊಟ್ಟಿಯನ್ನು ಮುಟ್ಟಬಾರದು. ಬೆಕ್ಕನ್ನು ಓಡಿಸಬೇಕಾಗಿಯೂ ಇಲ್ಲ. ಆ ಕೆಲಸವನ್ನು ಗಂಡನು ಮಾಡಲಿ, ಮಾಡಿ ಸಾಬೂನಿನಿಂದ ಕೈ ತೊಳೆಯಲಿ. ನಮ್ಮ ಬೀದಿಯ ಆ ಮನೆಯಲ್ಲಿ ಹೀಗೆಯೇ ಏರ್ಪಾಟಾಯಿತು. ಹಾಗೆ ವಿಧಿಸಿದವರು ಅತ್ತೆಯವರೇ.

ಶ್ರೀವೈಷ್ಣವ ಸಂಪ್ರದಾಯದಲ್ಲಿ ಮರ್ಕಟಕಿಶೋರನ್ಯಾಯ, ಮಾರ್ಜಾರಕಿಶೋರನ್ಯಾಯ ಎಂದು ಎರಡು ನ್ಯಾಯಗಳು ಪ್ರಸಿದ್ಧವಾಗಿವೆ. ಕೋತಿಯ ಮರಿಯು ತಾಯನ್ನು ತಾನೇ ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿಗೆ ಯಾವ ಪ್ರಯತ್ನವೂ ಇಲ್ಲ. ಭಗವಂತನಿಗೂ ಭಕ್ತನಿಗೂ ಹೇಳಿದ ಮಾತದು. ಆದರೂ ಸಿಮೆಂಟಿನ ಮನೆಯೊಳಗಿನ ಬೆಕ್ಕು ಇಂದು ಎರಡನೆಯ ನ್ಯಾಯದ ಮರಿಯಂತೆ ನಮ್ಮ ಬಾಯಲ್ಲಿದೆ. ಅದರ ಮಣ್ಣನ್ನು ಮುಚ್ಚಿದವರು ನಾವು, ಬಾಗಿಲನ್ನು ಹಾಕಿದವರು ನಾವು. ಹಲ್ಲು ನಾಟದಂತೆ ಹಿಡಿಯುವ ಹೊಣೆಯೂ ನಮ್ಮದೇ.

ಒಂದು ಅಗಲವಾದ ಬೋಗುಣಿ, ಒಂದು ಬಕೆಟ್ಟು ಮರಳು, ದಿನಕ್ಕೆ ಐದು ನಿಮಿಷದ ಕೆಲಸ, ತಿಣುಕಾಟ ಕಂಡ ದಿನವೇ ವೈದ್ಯರ ದರ್ಶನ: ಇದಿಷ್ಟೇ ಖರ್ಚು. ಈ ಮಳೆಗಾಲದಲ್ಲಿ ಯಾವ ಮನೆಯಲ್ಲಾದರೂ ಬೆಕ್ಕು ತೊಟ್ಟಿಯನ್ನು ಬಿಟ್ಟರೆ, ಗೃಹಸ್ಥರು ಕೋಲನ್ನು ತೆಗೆದುಕೊಳ್ಳುವ ಮೊದಲು ಅದು ಹೇಗೆ ಕೂರುತ್ತದೆ, ಎಷ್ಟು ಮಾಡುತ್ತದೆ, ಎಲ್ಲಿ ಮಾಡುತ್ತದೆ ಎಂಬ ಮೂರನ್ನು ಒಂದು ದಿನ ನೋಡಲಿ. ಮಾತು ಬಾರದ ಪ್ರಾಣಿಯು ತನ್ನ ಕಷ್ಟವನ್ನು ಹೇಳಿಕೊಳ್ಳುವ ಬಗೆ ಅದೊಂದೇ.